ಸಿರಿವಂತರ ತೆರಿಗೆ ಇಳಿದರೆ ನಾಡಿಗೆ ಲಾಭವೇ?

ಪೀಠಿಕೆ

ವರ್ಷಕ್ಕೊಮ್ಮೆ ನಮ್ಮ ದೇಶದ ಅರ್ಥಮಂತ್ರಿಗಳು ಲೋಕಸಭೆಯ ಮುಂದೆ ಆಯವ್ಯಯ ಪತ್ರವನ್ನು ಇಡುತ್ತಾರೆ. ಆ ದಿನ ಹಿರಿಯರೆಲ್ಲರೂ ಕೇಳುವ ಮೊದಲನೆಯ ಪ್ರಶ್ನೆ, "ತೆರಿಗೆ ಏರಿತೋ, ಇಳಿಯಿತೋ?" ಎಂಬುದು. ತೆರಿಗೆ ಇಳಿಯಿತೆಂದರೆ ಸಂತೋಷ, ಏರಿತೆಂದರೆ ಅಸಮಾಧಾನ. ಇದು ಸಹಜವೇ ಆಗಿದೆ. ಆದರೆ ಯಾರ ತೆರಿಗೆ ಇಳಿಯಿತು, ಅದರಿಂದ ಬೊಕ್ಕಸದಲ್ಲಿ ಉಂಟಾದ ಕೊರತೆಯನ್ನು ಯಾರು ತುಂಬುವರು ಎಂಬ ಎರಡನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಆ ಎರಡನೆಯ ಪ್ರಶ್ನೆಯೇ ಈ ಲೇಖನದ ವಿಷಯ.

ಅತ್ಯಂತ ಸಿರಿವಂತರಾದವರ ಮೇಲಿನ ತೆರಿಗೆಯನ್ನು ತಗ್ಗಿಸಿದರೆ ಅವರು ಉಳಿದ ಹಣವನ್ನು ಉದ್ಯಮಗಳಲ್ಲಿ ತೊಡಗಿಸುವರು, ಉದ್ಯೋಗಗಳು ಹೆಚ್ಚುವುವು, ಕೊನೆಗೆ ಎಲ್ಲರಿಗೂ ಒಳಿತಾಗುವುದು ಎಂದು ಒಂದು ಪಕ್ಷದವರು ವಾದಿಸುತ್ತಾರೆ. ಅದು ಸಿರಿವಂತರಿಗೆ ಸಲ್ಲುವ ಉಡುಗೊರೆಯೇ ಹೊರತು ನಾಡಿಗೆ ಲಾಭವಲ್ಲ ಎಂದು ಇನ್ನೊಂದು ಪಕ್ಷದವರು ಹೇಳುತ್ತಾರೆ. ಕೂಗಿ ವಾದಿಸುವುದರಿಂದ ಇಂತಹ ಪ್ರಶ್ನೆ ಬಗೆಹರಿಯುವುದಿಲ್ಲ. ಲೆಕ್ಕವನ್ನು ಹಾಕಿ, ನಡೆದ ಸಂಗತಿಗಳನ್ನು ಪರೀಕ್ಷಿಸಿ, ಆಮೇಲೆ ತೀರ್ಮಾನಕ್ಕೆ ಬರುವುದು ವಿದ್ಯಾರ್ಥಿಗಳಿಗೆ ಒಪ್ಪುವ ಮಾರ್ಗ.

ತೆರಿಗೆಯ ತತ್ತ್ವ

ತೆರಿಗೆಯೆಂದರೆ ಎಲ್ಲರಿಗೂ ಬೇಕಾದ, ಆದರೆ ಒಬ್ಬೊಬ್ಬರೇ ಮಾಡಿಕೊಳ್ಳಲಾಗದ ಕಾರ್ಯಗಳಿಗೆ ಪ್ರಜೆಗಳೆಲ್ಲರೂ ಕೊಡುವ ಪಾಲು. ರಸ್ತೆ, ನೀರು, ಆಸ್ಪತ್ರೆ, ಸೈನ್ಯ, ನ್ಯಾಯಾಲಯ, ಶಾಲೆ ಇವು ಅಂತಹ ಕಾರ್ಯಗಳು. ಶಾಲೆಯ ಮಾತನ್ನು ನಾವು ದೂರಕ್ಕೆ ಹೋಗಿ ಹುಡುಕಬೇಕಾಗಿಲ್ಲ. ಮುಂಬಯಿಯ ಮಹಾನಗರಪಾಲಿಕೆಯು ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದಿದೆ. ಅನುದಾನ ಪಡೆಯುವ ಖಾಸಗಿ ಶಾಲೆಗಳಲ್ಲಿಯೂ ಉಪಾಧ್ಯಾಯರ ವೇತನವು ಸರಕಾರದ ಬೊಕ್ಕಸದಿಂದಲೇ ಬರುತ್ತದೆ. ಹೊಟ್ಟೆಯ ಪಾಡಿಗಾಗಿ ನಾಡನ್ನು ಬಿಟ್ಟು ಬಂದವರ ಮಕ್ಕಳು ಪರಪ್ರಾಂತದ ಈ ದೊಡ್ಡ ಪಟ್ಟಣದಲ್ಲಿ ತಾಯ್ನುಡಿಯಲ್ಲಿ ಓದುವುದು ಸಾಧ್ಯವಾಗಿರುವುದು ಸಾರ್ವಜನಿಕ ಹಣದ ಬಲದಿಂದ. ಆದುದರಿಂದ ಬೊಕ್ಕಸವು ತುಂಬುವುದೋ ಬರಿದಾಗುವುದೋ ಎಂಬುದು ನಮಗೆ ಸಂಬಂಧವಿಲ್ಲದ ವಿಷಯವಲ್ಲ.

ತೆರಿಗೆಯಲ್ಲಿ ಎರಡು ಬಗೆ. ವರಮಾನದ ಮೇಲೆ ನೇರವಾಗಿ ಹಾಕುವುದು ಪ್ರತ್ಯಕ್ಷ ತೆರಿಗೆ. ಕೊಳ್ಳುವ ಪದಾರ್ಥದ ಬೆಲೆಯಲ್ಲಿ ಸೇರಿಕೊಂಡು ಬರುವುದು ಪರೋಕ್ಷ ತೆರಿಗೆ. ೨೦೧೭ನೆಯ ಜುಲೈ ೧ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯು ಎರಡನೆಯ ಬಗೆಯದು. ಒಂದು ಸಾಬೂನನ್ನು ಹಮಾಲಿ ಕೊಂಡರೂ ಕಾರಖಾನೆಯ ಒಡೆಯ ಕೊಂಡರೂ ಅದರ ಮೇಲಿನ ತೆರಿಗೆ ಒಂದೇ. ಆದರೆ ಹಮಾಲಿಯ ಗಳಿಕೆಯಲ್ಲಿ ಅದು ದೊಡ್ಡ ಪಾಲು. ಒಡೆಯನ ಗಳಿಕೆಯಲ್ಲಿ ಲೆಕ್ಕಕ್ಕೆ ಬಾರದ ಪಾಲು. ವರಮಾನದ ತೆರಿಗೆಯಾದರೋ ಗಳಿಕೆ ಹೆಚ್ಚಿದಂತೆ ದರವೂ ಹೆಚ್ಚುವಂತೆ ರಚಿತವಾಗಿದೆ. ಪ್ರಜೆಗಳು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ರಾಜ್ಯಕ್ಕೆ ಪಾಲು ಕೊಡಬೇಕೆಂಬುದನ್ನು ಆಡಂ ಸ್ಮಿತ್ ಎಂಬ ಅರ್ಥಶಾಸ್ತ್ರಜ್ಞನು ೧೭೭೬ರಲ್ಲಿಯೇ ತೆರಿಗೆಯ ನಾಲ್ಕು ಸೂತ್ರಗಳಲ್ಲಿ ಮೊದಲನೆಯದಾಗಿ ಹೇಳಿದ್ದಾನೆ. ನಿಶ್ಚಿತತೆ, ಅನುಕೂಲತೆ, ವಸೂಲಿಯಲ್ಲಿ ಮಿತವ್ಯಯ ಇವು ಉಳಿದ ಮೂರು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಮೇಲಿನ ದರವು ಶೇಕಡ ೩೦ ಎಂದರೆ ಸಿರಿವಂತನ ವರಮಾನದ ಎಲ್ಲ ರೂಪಾಯಿಗಳಿಗೂ ಆ ದರ ಹತ್ತುವುದಿಲ್ಲ. ವರಮಾನವನ್ನು ಮೆಟ್ಟಿಲುಗಳಂತೆ ವಿಂಗಡಿಸಿ, ಕೆಳಗಿನ ಮೆಟ್ಟಿಲಿಗೆ ಕಡಿಮೆ ದರವನ್ನೂ ತುದಿಯ ಮೆಟ್ಟಿಲಿಗೆ ಮಾತ್ರ ಹೆಚ್ಚಿನ ದರವನ್ನೂ ಹಾಕುತ್ತಾರೆ. ನಾವು ಮುಂದೆ ಹೇಳುವ ದರಗಳೆಲ್ಲವೂ ಬಹುಮಟ್ಟಿಗೆ ಈ ತುದಿಯ ಮೆಟ್ಟಿಲಿನವು.

ನಮ್ಮ ದೇಶದ ಅನುಭವ

ಭಾರತದಲ್ಲಿ ವರಮಾನದ ತೆರಿಗೆಯನ್ನು ಮೊದಲು ತಂದವನು ಜೇಮ್ಸ್ ವಿಲ್ಸನ್, ಅದು ೧೮೬೦ರಲ್ಲಿ. ಸ್ವಾತಂತ್ರ್ಯ ಬಂದ ಮೇಲೆ, ಸಂಪತ್ತು ಕೆಲವರ ಕೈಯಲ್ಲಿ ಕೂಡಿಬೀಳಬಾರದೆಂಬ ಧ್ಯೇಯದಿಂದ ಸರಕಾರವು ಒಂದರ ಮೇಲೊಂದು ಹೊಸ ತೆರಿಗೆಗಳನ್ನು ತಂದಿತು. ಸತ್ತವರ ಆಸ್ತಿಯ ಮೇಲೆ ಎಸ್ಟೇಟ್ ಡ್ಯೂಟಿ ಎಂಬ ಮರಣಕರ ೧೯೫೩ರಲ್ಲಿ ಬಂದಿತು. ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ೧೯೫೬ರಲ್ಲಿ ಒಪ್ಪಿಸಿದ ವರದಿಯನ್ನು ಅನುಸರಿಸಿ ಟಿ. ಟಿ. ಕೃಷ್ಣಮಾಚಾರಿಯವರು ಅರ್ಥಮಂತ್ರಿಗಳಾಗಿದ್ದಾಗ ೧೯೫೭ರಲ್ಲಿ ಸಂಪತ್ತಿನ ಕರದ, ವೆಚ್ಚಕರದ ಕಾಯಿದೆಗಳೂ, ಮರುವರ್ಷ ದಾನಕರದ ಕಾಯಿದೆಯೂ ಬಂದವು.

ವರಮಾನದ ತೆರಿಗೆಯ ತುದಿಯ ದರವೂ ಏರುತ್ತ ಹೋಯಿತು. ೧೯೭೩-೭೪ರಲ್ಲಿ ಎರಡು ಲಕ್ಷ ರೂಪಾಯಿಗೆ ಮೀರಿದ ವರಮಾನಕ್ಕೆ ಮೂಲ ದರ ಶೇಕಡ ೮೫. ಆ ತೆರಿಗೆಯ ಮೇಲೆ ಶೇಕಡ ೧೫ರ ಮೇಲುಕರ. ಒಟ್ಟು ಶೇಕಡ ೯೭.೭೫. ಅಂದರೆ ತುದಿಯ ಮೆಟ್ಟಿಲಿನಲ್ಲಿ ಗಳಿಸಿದ ಪ್ರತಿ ನೂರು ರೂಪಾಯಿಗಳಲ್ಲಿ ಗಳಿಸಿದವನಿಗೆ ಉಳಿಯುತ್ತಿದ್ದುದು ಎರಡೂಕಾಲು ರೂಪಾಯಿ! ಇದರ ಫಲವೇನಾಯಿತು? ಪ್ರಾಮಾಣಿಕನಿಗೆ ದುಡಿಯುವ ಉತ್ಸಾಹ ಕುಂದಿತು. ಅಪ್ರಾಮಾಣಿಕನಿಗೆ ಮುಚ್ಚಿಡುವ ಉತ್ಸಾಹ ಹೆಚ್ಚಿತು. ನೂರು ರೂಪಾಯಿಯ ಗಳಿಕೆಯನ್ನು ಬಚ್ಚಿಟ್ಟರೆ ಸುಮಾರು ೯೮ ರೂಪಾಯಿ ಲಾಭ ಎಂದ ಮೇಲೆ ಕಳ್ಳಲೆಕ್ಕಕ್ಕೆ ಇದಕ್ಕಿಂತ ದೊಡ್ಡ ಪ್ರೇರಣೆ ಬೇಕೇ? ನಿವೃತ್ತ ಶ್ರೇಷ್ಠ ನ್ಯಾಯಾಧೀಶರಾದ ಕೆ. ಎನ್. ವಾಂಛೂ ಅವರ ಅಧ್ಯಕ್ಷತೆಯ ಸಮಿತಿಯು ೧೯೭೧ರಲ್ಲಿ ಇದನ್ನೇ ಎತ್ತಿ ತೋರಿಸಿ, ಮೇಲಿನ ದರವನ್ನು ಶೇಕಡ ೭೫ಕ್ಕೆ ಇಳಿಸಬೇಕೆಂದು ಸಲಹೆ ಮಾಡಿತು. ಯಶವಂತರಾವ್ ಚವಾಣರು ೧೯೭೪-೭೫ರ ಆಯವ್ಯಯದಲ್ಲಿ ಅದನ್ನು ಶೇಕಡ ೭೭ಕ್ಕೆ ತಂದರು. ೧೯೭೬-೭೭ರಲ್ಲಿ ಅದು ೬೬ ಆಯಿತು, ೧೯೮೫ರಲ್ಲಿ ೫೦, ೧೯೯೭ರಲ್ಲಿ ೩೦.

ಉಳಿದ ತೆರಿಗೆಗಳೂ ಒಂದೊಂದಾಗಿ ರದ್ದಾದವು. ವೆಚ್ಚಕರವು ೧೯೬೬ರಲ್ಲಿ, ಮರಣಕರವು ೧೯೮೫ರಲ್ಲಿ, ದಾನಕರವು ೧೯೯೮ರಲ್ಲಿ, ಸಂಪತ್ತಿನ ಕರವು ೨೦೧೫ರಲ್ಲಿ ಹೋದವು. ಮರಣಕರದಿಂದ ಆಗ ವರ್ಷಕ್ಕೆ ಬರುತ್ತಿದ್ದುದು ಸುಮಾರು ೨೦ ಕೋಟಿ ರೂಪಾಯಿ ಮಾತ್ರ. ಅದನ್ನು ವಸೂಲು ಮಾಡುವ ಖರ್ಚೋ ಅಧಿಕ. ಸಂಪತ್ತಿನ ಕರವನ್ನು ತೆಗೆದ ರೀತಿಯನ್ನು ವಿಶೇಷವಾಗಿ ಗಮನಿಸಬೇಕು. ೨೦೧೩-೧೪ರಲ್ಲಿ ಇಡೀ ದೇಶದಲ್ಲಿ ಆ ಕರದಿಂದ ಬಂದುದು ೧,೦೦೮ ಕೋಟಿ ರೂಪಾಯಿ. ಅದನ್ನು ರದ್ದುಮಾಡುವಾಗ ಅರುಣ್ ಜೇಟ್ಲಿಯವರು ಒಂದು ಕೋಟಿಗೆ ಮೀರಿದ ವರಮಾನದವರ ಮೇಲೆ ಶೇಕಡ ೨ರ ಹೆಚ್ಚಿನ ಮೇಲುಕರವನ್ನು ಹಾಕಿ, ಅದರಿಂದ ೯,೦೦೦ ಕೋಟಿ ಬರುವುದೆಂದು ಅಂದಾಜು ಮಾಡಿದರು. ಒಂದು ಕೈಯಿಂದ ಬಿಟ್ಟುದನ್ನು ಇನ್ನೊಂದು ಕೈಯಿಂದ, ಸಿರಿವಂತರಿಂದಲೇ, ಹೆಚ್ಚಾಗಿ ಪಡೆಯುವ ಯೋಜನೆ ಅದು.

ಆದುದರಿಂದ ತೆರಿಗೆಯ ಇಳಿಕೆಯೆಲ್ಲವೂ ಕೆಟ್ಟದ್ದೆಂದು ನಾವು ಹೇಳುವಂತಿಲ್ಲ. ಶೇಕಡ ೯೭.೭೫ರ ದರವು ಪುಸ್ತಕದಲ್ಲಿ ಸಮತೆಯಂತೆ ಕಂಡರೂ ವ್ಯವಹಾರದಲ್ಲಿ ಬೊಕ್ಕಸವನ್ನು ತುಂಬಲಿಲ್ಲ.

ಇಳಿಕೆಯ ಪರವಾದ ವಾದ

ಇಳಿಕೆಯ ಪಕ್ಷದವರ ಮುಖ್ಯ ವಾದಗಳು ಮೂರು. ಮೊದಲನೆಯದು, ಬಂಡವಾಳದ ವಾದ: ಸಿರಿವಂತರಿಗೆ ಉಳಿದ ಹಣವೇ ಹೊಸ ಉದ್ಯಮಗಳ ಬೀಜ. ಎರಡನೆಯದು, ಪ್ರಾಮಾಣಿಕತೆಯ ವಾದ: ದರ ಮಿತವಾಗಿದ್ದರೆ ಜನರು ವರಮಾನವನ್ನು ಮುಚ್ಚಿಡುವುದಿಲ್ಲ. ಮೂರನೆಯದು, ವಲಸೆಯ ವಾದ: ಇಲ್ಲಿ ದರ ಹೆಚ್ಚಾದರೆ ಧನವೂ ಧನಿಕರೂ ಬೇರೆ ದೇಶಕ್ಕೆ ಹೋಗುವರು.

ಈ ವಾದಗಳಿಗೆ ಒಂದು ಚಿತ್ರದ ರೂಪವನ್ನು ಕೊಟ್ಟವನು ಅಮೆರಿಕದ ಆರ್ಥರ್ ಲ್ಯಾಫರ್. ೧೯೭೪ರಿಂದ ಈಚೆಗೆ ಅವನ ಹೆಸರಿನ ವಕ್ರರೇಖೆಯು ಪ್ರಸಿದ್ಧವಾಯಿತು. ತೆರಿಗೆಯ ದರ ಸೊನ್ನೆಯಾದರೆ ಸರಕಾರದ ಆದಾಯವೂ ಸೊನ್ನೆ. ದರ ಶೇಕಡ ೧೦೦ ಆದರೆ ಯಾರೂ ದುಡಿಯರು, ಆಗಲೂ ಆದಾಯ ಸೊನ್ನೆ. ಇವೆರಡರ ನಡುವೆ ಎಲ್ಲಿಯೋ ಒಂದು ಶಿಖರವಿದೆ. ದರವು ಶಿಖರದ ಆಚೆಗಿದ್ದರೆ ಅದನ್ನು ಇಳಿಸಿದಷ್ಟೂ ಆದಾಯ ಹೆಚ್ಚುವುದು. ಹದಿನಾಲ್ಕನೆಯ ಶತಮಾನದ ಅರಬ್ಬೀ ಇತಿಹಾಸಕಾರನಾದ ಇಬ್ನ್ ಖಲ್ದೂನನೂ ಇಂತಹ ಮಾತನ್ನೇ ಹೇಳಿದ್ದನು. ಈ ತತ್ತ್ವದಲ್ಲಿ ಸತ್ಯವಿದೆ. ಆದರೆ ದರವು ಶಿಖರದ ಈಚೆಗಿದ್ದರೆ ಇಳಿಸಿದಷ್ಟೂ ಆದಾಯ ಕುಗ್ಗುವುದೆಂಬ ಇನ್ನೊಂದು ಅರ್ಧ ಸತ್ಯವೂ ಅದೇ ರೇಖೆಯಲ್ಲಿದೆ. ಮೊದಲನೆಯ ಅರ್ಧವನ್ನು ಹೇಳಿ ಎರಡನೆಯದನ್ನು ಮರೆಯುವುದು ನ್ಯಾಯವಲ್ಲ.

ಒಂದು ಸರಳ ಲೆಕ್ಕ

ಈಗ ಅಂಕಗಣಿತದ ಸಹಾಯವನ್ನು ಪಡೆಯೋಣ. ತೆರಿಗೆ ಇಳಿದಾಗ ಎರಡು ಸಂಖ್ಯೆಗಳನ್ನು ಹೋಲಿಸಬೇಕು. ಗಳಿಸಿದವನ ಕೈಯಲ್ಲಿ ಉಳಿಯುವ ಪಾಲು ಎಷ್ಟು ಪಟ್ಟು ಹೆಚ್ಚಿತು ಎಂಬುದು ಒಂದು. ಸರಕಾರದ ಆದಾಯ ಮೊದಲಿನಷ್ಟೇ ಆಗಬೇಕಾದರೆ ಆ ಮೆಟ್ಟಿಲಿನ ವರಮಾನ ಎಷ್ಟು ಪಟ್ಟು ಹೆಚ್ಚಬೇಕು ಎಂಬುದು ಇನ್ನೊಂದು. ಮೊದಲನೆಯದು ಪ್ರೇರಣೆ, ಎರಡನೆಯದು ಬೆಲೆ.

ದರವು ೯೭.೭೫ರಿಂದ ೭೭ಕ್ಕೆ ಇಳಿದಾಗ ಉಳಿಯುವ ಪಾಲು ೨.೨೫ರಿಂದ ೨೩ಕ್ಕೆ ಏರಿತು. ಹತ್ತು ಪಟ್ಟಿಗಿಂತ ಹೆಚ್ಚು. ಬೊಕ್ಕಸಕ್ಕೆ ನಷ್ಟವಾಗದಿರಬೇಕಾದರೆ ಲೆಕ್ಕಕ್ಕೆ ಬರುವ ವರಮಾನ ಶೇಕಡ ೨೭ರಷ್ಟು ಹೆಚ್ಚಿದರೆ ಸಾಕು. ಪ್ರೇರಣೆ ಬಹಳ, ಬೆಲೆ ಅಲ್ಪ. ಇಂತಹ ಇಳಿಕೆ ವಿವೇಕದ್ದು.

ಇನ್ನೊಂದು ಉದಾಹರಣೆ. ನಮ್ಮ ದೇಶದಲ್ಲಿ ೨೦೧೯ರ ಬಳಿಕ ವರ್ಷಕ್ಕೆ ಐದು ಕೋಟಿ ರೂಪಾಯಿಗೆ ಮೀರಿದ ವರಮಾನದವರ ತುದಿಯ ದರ, ಮೇಲುಕರಗಳೆಲ್ಲ ಸೇರಿ, ಶೇಕಡ ೪೨.೭೪ ಆಗಿತ್ತು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ೨೦೨೩ರಲ್ಲಿ ಅದನ್ನು ಶೇಕಡ ೩೯ಕ್ಕೆ ಇಳಿಸಲಾಯಿತು. ಇಲ್ಲಿ ಉಳಿಯುವ ಪಾಲು ೫೭.೨೬ರಿಂದ ೬೧ಕ್ಕೆ, ಅಂದರೆ ಶೇಕಡ ೬.೫ರಷ್ಟು ಹೆಚ್ಚಿತು. ಆದರೆ ಬೊಕ್ಕಸಕ್ಕೆ ನಷ್ಟವಾಗದಿರಬೇಕಾದರೆ ವರಮಾನವು ಶೇಕಡ ೯.೬ರಷ್ಟು ಹೆಚ್ಚಬೇಕು. ಇಳಿಕೆಗಾಗಿಯೇ ಅಷ್ಟು ಹೆಚ್ಚುವುದೆಂದು ನಂಬುವುದು ಕಷ್ಟ. ದರವು ಕೆಳಗಿಳಿದಂತೆಲ್ಲ ಪ್ರೇರಣೆ ಕುಗ್ಗುತ್ತದೆ, ಬೆಲೆ ಹಿಗ್ಗುತ್ತದೆ. ಈ ಒಂದು ಸೂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಸಂಗತಿಗಳು ಸುಲಭವಾಗಿ ತಿಳಿಯುವುವು.

ಕ್ಯಾನ್ಸಾಸ್ ರಾಜ್ಯದ ಪರೀಕ್ಷೆ

ಅಮೆರಿಕ ದೇಶದ ನಡುಭಾಗದಲ್ಲಿ ಕ್ಯಾನ್ಸಾಸ್ ಎಂಬ ಒಂದು ರಾಜ್ಯವಿದೆ. ಗೋಧಿಯ ಬೆಳೆಗೆ ಹೆಸರಾದುದು. ಅಲ್ಲಿಯ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ೨೦೧೨ರ ಮೇ ತಿಂಗಳಲ್ಲಿ ಒಂದು ಕಾಯಿದೆಗೆ ಸಹಿ ಮಾಡಿದರು. ಅದರಂತೆ ರಾಜ್ಯದ ವರಮಾನದ ತೆರಿಗೆಯ ಮೇಲಿನ ದರವು ಶೇಕಡ ೬.೪೫ರಿಂದ ೪.೯ಕ್ಕೆ ಇಳಿಯಿತು. ಅಷ್ಟೇ ಅಲ್ಲ, ಕಂಪನಿಯ ತೆರಿಗೆಯನ್ನು ಕೊಡದೆ ಒಡೆಯರ ಹೆಸರಿನಲ್ಲಿಯೇ ಲಾಭವನ್ನು ತೋರಿಸುವ ವ್ಯಾಪಾರ ಸಂಸ್ಥೆಗಳ ಲಾಭಕ್ಕೆ ರಾಜ್ಯದ ವರಮಾನ ತೆರಿಗೆಯೇ ಇಲ್ಲವೆಂದಾಯಿತು. ಉದ್ಯಮಗಳು ಬೆಳೆಯುವುವು, ಉದ್ಯೋಗಗಳು ಹುಟ್ಟುವುವು ಎಂಬುದು ಆಶಯ.

ಹಿಂದಿನ ಲೆಕ್ಕವನ್ನು ಇಲ್ಲಿ ಹಾಕಿ ನೋಡೋಣ. ರಾಜ್ಯದ ತೆರಿಗೆಯೊಂದನ್ನೇ ಎಣಿಸಿದರೆ, ಉಳಿಯುವ ಪಾಲು ೯೩.೫೫ರಿಂದ ೯೫.೧ಕ್ಕೆ, ಅಂದರೆ ಶೇಕಡ ಎರಡಕ್ಕಿಂತಲೂ ಕಡಿಮೆ ಹೆಚ್ಚಿತು. ಬೊಕ್ಕಸ ಸರಿದೂಗಬೇಕಾದರೆ ವರಮಾನ ಶೇಕಡ ೩೧ಕ್ಕೂ ಮೀರಿ ಹೆಚ್ಚಬೇಕಾಗಿತ್ತು. ದರವೇ ಸೊನ್ನೆಯಾದ ಲಾಭದ ಮಾತಂತೂ ಕೇಳುವುದೇ ಬೇಡ: ಸೊನ್ನೆಯಿಂದ ಯಾವ ಸಂಖ್ಯೆಯನ್ನು ಗುಣಿಸಿದರೂ ಸೊನ್ನೆಯೇ.

ಆದುದೂ ಹಾಗೆಯೇ. ೨೦೧೪ರ ಜೂನ್‌ನಲ್ಲಿ ಮುಗಿದ ವರ್ಷದಲ್ಲಿ ರಾಜ್ಯದ ಆದಾಯ ಸುಮಾರು ೭೦ ಕೋಟಿ ಡಾಲರುಗಳಷ್ಟು, ಅಂದರೆ ಹತ್ತರಲ್ಲಿ ಒಂದು ಪಾಲಿನಷ್ಟು ಇಳಿಯಿತು. ಸಾಲದ ಯೋಗ್ಯತೆಯನ್ನು ಅಳೆಯುವ ಸಂಸ್ಥೆಗಳು ಅದೇ ವರ್ಷ ಕ್ಯಾನ್ಸಾಸಿನ ದರ್ಜೆಯನ್ನು ತಗ್ಗಿಸಿದವು. ರಸ್ತೆಗಳಿಗೆಂದು ಮೀಸಲಾದ ನಿಧಿಯಿಂದ ಹಣವನ್ನು ತೆಗೆದು ಇತರ ಖರ್ಚಿಗೆ ಹಚ್ಚಿದರು. ೨೦೧೫ರಲ್ಲಿ ಮಾರಾಟದ ತೆರಿಗೆಯನ್ನು ಶೇಕಡ ೬.೧೫ರಿಂದ ೬.೫ಕ್ಕೆ ಏರಿಸಿದರು; ಆ ತೆರಿಗೆ ದಿನಸಿಯ ಮೇಲೂ ಇದ್ದಿತು. ಅಂದರೆ ವ್ಯಾಪಾರಿಯ ಲಾಭಕ್ಕೆ ಬಿಟ್ಟ ತೆರಿಗೆಯ ಒಂದು ಭಾಗವು ಬಡವನ ರೊಟ್ಟಿಯ ಮೇಲೆ ಬಂದು ಕುಳಿತಿತು.

ಮಿತ್ರರೇ, ಇದರಲ್ಲಿ ನಿಮಗೆ ನೇರವಾಗಿ ಸಂಬಂಧಿಸಿದ ಸಂಗತಿಯೊಂದಿದೆ. ೨೦೧೫ರ ಮೇ ತಿಂಗಳಲ್ಲಿ ಕಾನ್ಕಾರ್ಡಿಯಾ, ಟ್ವಿನ್ ವ್ಯಾಲಿ ಎಂಬ ಎರಡು ಶಾಲಾ ವಿಭಾಗಗಳು ಹಣ ಸಾಲದೆ ಗೊತ್ತಾದ ದಿನಕ್ಕಿಂತ ಮೊದಲೇ ವರ್ಷದ ಪಾಠಗಳನ್ನು ನಿಲ್ಲಿಸಿ ಮಕ್ಕಳನ್ನು ಮನೆಗೆ ಕಳುಹಿಸಿದವು. ರಜೆ ಬೇಗ ಸಿಕ್ಕಿತೆಂದು ಸಣ್ಣ ಮಕ್ಕಳು ಹಿಗ್ಗಿರಲೂಬಹುದು. ಆದರೆ ಕಳೆದುಹೋದ ಆ ಪಾಠಗಳ ಬೆಲೆಯನ್ನು ಯಾವ ಆಯವ್ಯಯ ಪತ್ರದಲ್ಲಿಯೂ ಬರೆಯುವುದಿಲ್ಲ. ೨೦೧೭ರ ಮಾರ್ಚಿನಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಶಾಲೆಗಳಿಗೆ ಕೊಡುವ ಹಣ ಸಂವಿಧಾನಕ್ಕೆ ಒಪ್ಪುವಷ್ಟಿಲ್ಲವೆಂದು ತೀರ್ಪಿತ್ತಿತು. ಅದೇ ವರ್ಷದ ಜೂನ್‌ನಲ್ಲಿ, ಗವರ್ನರರ ಸ್ವಂತ ಪಕ್ಷಕ್ಕೇ ಬಹುಮತವಿದ್ದ ಶಾಸನಸಭೆಯು ಅವರ ನಿರಾಕರಣವನ್ನು ಮೀರಿ ಆ ಇಳಿಕೆಗಳ ಬಹುಭಾಗವನ್ನು ರದ್ದುಮಾಡಿತು. ಐದು ವರ್ಷಗಳ ಪರೀಕ್ಷೆ ಹೀಗೆ ಮುಗಿಯಿತು.

ಇತರ ಸಾಕ್ಷ್ಯಗಳು

ಒಂದೇ ರಾಜ್ಯದ ಕಥೆಯಿಂದ ತೀರ್ಮಾನಕ್ಕೆ ಬರುವುದು ಆತುರವಾದೀತು. ಅಮೆರಿಕದಲ್ಲಿಯೇ ೧೯೬೪ರ ಕಾಯಿದೆಯು ತುದಿಯ ದರವನ್ನು ಶೇಕಡ ೯೧ರಿಂದ ೭೦ಕ್ಕೆ ಇಳಿಸಿತು. ಆಮೇಲಿನ ವರ್ಷಗಳಲ್ಲಿ ಆ ದೇಶದ ಆರ್ಥಿಕ ಬೆಳವಣಿಗೆ ಚೆನ್ನಾಗಿಯೇ ನಡೆಯಿತು. ಆಗ ಕೆಳಗಿನ ಮೆಟ್ಟಿಲುಗಳ ದರಗಳೂ ಇಳಿದಿದ್ದವೆಂಬುದನ್ನು ಮರೆಯಬಾರದು. ಬ್ರಿಟನ್ನಿನಲ್ಲಿ ೨೦೨೨ರ ಸೆಪ್ಟೆಂಬರ್ ೨೩ರಂದು ಹೊಸ ಸರಕಾರವು ಶೇಕಡ ೪೫ರ ತುದಿಯ ದರವನ್ನು ತೆಗೆದುಹಾಕುವುದಾಗಿ, ಇತರ ತೆರಿಗೆಗಳನ್ನೂ ತಗ್ಗಿಸುವುದಾಗಿ ಸಾರಿತು. ಕೊರತೆಯನ್ನು ತುಂಬುವ ಬಗೆಯನ್ನು ಹೇಳಲಿಲ್ಲ. ಸಾಲ ಕೊಡುವವರು ಹೆದರಿದರು. ಪೌಂಡಿನ ಬೆಲೆ ಕುಸಿಯಿತು. ಅಕ್ಟೋಬರ್ ೩ರಂದು ಆ ದರದ ರದ್ದತಿಯನ್ನು ಕೈಬಿಡಬೇಕಾಯಿತು. ಅದೇ ತಿಂಗಳಲ್ಲಿ ಅರ್ಥಮಂತ್ರಿಯೂ ಪ್ರಧಾನಮಂತ್ರಿ ಲಿಜ್ ಟ್ರಸ್ ಅವರೂ ಅಧಿಕಾರವನ್ನು ಕಳೆದುಕೊಂಡರು.

ಡೇವಿಡ್ ಹೋಪ್, ಜೂಲಿಯನ್ ಲಿಂಬರ್ಗ್ ಎಂಬ ಇಬ್ಬರು ವಿದ್ವಾಂಸರು ೧೯೬೫ರಿಂದ ೨೦೧೫ರವರೆಗೆ ಮುಂದುವರಿದ ೧೮ ದೇಶಗಳಲ್ಲಿ ಸಿರಿವಂತರ ತೆರಿಗೆಗಳು ಗಣನೀಯವಾಗಿ ಇಳಿದ ಸಂದರ್ಭಗಳನ್ನೆಲ್ಲ ಪರಿಶೀಲಿಸಿ ೨೦೨೦ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಇಳಿಕೆಯಾದ ಮೇಲೆ ನೂರರಲ್ಲಿ ಒಬ್ಬರಾದ ಅತಿ ಸಿರಿವಂತರ ವರಮಾನದ ಪಾಲು ಹೆಚ್ಚಿತು. ದೇಶದ ಒಟ್ಟು ಬೆಳವಣಿಗೆಯಲ್ಲಾಗಲಿ ನಿರುದ್ಯೋಗದಲ್ಲಾಗಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ ಎಂಬುದು ಅವರ ನಿರ್ಣಯ.

ನಮ್ಮ ದೇಶದ ಇತ್ತೀಚಿನ ದೊಡ್ಡ ಇಳಿಕೆಯೆಂದರೆ ಕಂಪನಿಗಳ ತೆರಿಗೆಯದು. ೨೦೧೯ರ ಸೆಪ್ಟೆಂಬರ್ ೨೦ರಂದು ಸರಕಾರವು, ಇತರ ರಿಯಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ ಮೂಲ ದರವನ್ನು ಶೇಕಡ ೨೨ ಎಂದು ಗೊತ್ತುಮಾಡಿತು. ಹೊಸದಾಗಿ ಹುಟ್ಟುವ ಕಾರಖಾನೆಗಳಿಗೆ ೧೫. ಇದರಿಂದ ವರ್ಷಕ್ಕೆ ೧.೪೫ ಲಕ್ಷ ಕೋಟಿ ರೂಪಾಯಿಗಳ ಆದಾಯ ಬಿಟ್ಟುಹೋಗುವುದೆಂದು ಸರಕಾರವೇ ಅಂದಾಜು ಮಾಡಿತ್ತು. ಅಂದು ಮುಂಬಯಿಯ ಶೇರು ಪೇಟೆಯ ಸೂಚ್ಯಂಕವು ಒಂದೇ ದಿನದಲ್ಲಿ ೧,೯೦೦ ಅಂಕಗಳಿಗೂ ಮೀರಿ ಏರಿತು. ಕಂಪನಿ ತೆರಿಗೆಯ ಸಂಗ್ರಹವು ೨೦೧೮-೧೯ರಲ್ಲಿ ೬.೬೩ ಲಕ್ಷ ಕೋಟಿ ಇದ್ದುದು ೨೦೧೯-೨೦ರಲ್ಲಿ ೫.೫೭ಕ್ಕೂ ೨೦೨೦-೨೧ರಲ್ಲಿ ೪.೫೮ಕ್ಕೂ ಇಳಿಯಿತು. ಎರಡನೆಯ ಇಳಿತಕ್ಕೆ ಕೊರೋನಾ ಪಿಡುಗೂ ಕಾರಣವೆಂಬುದನ್ನು ಒಪ್ಪಲೇಬೇಕು. ೨೦೨೧-೨೨ರಲ್ಲಿ ಸಂಗ್ರಹವು ೭.೧೨ಕ್ಕೆ, ೨೦೨೩-೨೪ರಲ್ಲಿ ೯.೧೧ ಲಕ್ಷ ಕೋಟಿಗೆ ಏರಿತು. ಆದರೆ ಅದೇ ೨೦೨೩-೨೪ರಲ್ಲಿ ವ್ಯಕ್ತಿಗಳು ಕೊಟ್ಟ ವರಮಾನದ ತೆರಿಗೆ ೧೦.೪೫ ಲಕ್ಷ ಕೋಟಿ. ಹಿಂದೆ ಕಂಪನಿಗಳು ವ್ಯಕ್ತಿಗಳಿಗಿಂತ ಹೆಚ್ಚು ಕೊಡುತ್ತಿದ್ದವು. ಈಗ ವ್ಯಕ್ತಿಗಳ ಪಾಲು ಮುಂದಾಯಿತು. ಸಂಬಳದಿಂದ ಜೀವಿಸುವವರ ತೆರಿಗೆಯೂ ಆ ಪಾಲಿನಲ್ಲಿಯೇ ಸೇರಿದೆ. ಭಾರವು ಯಾವ ಹೆಗಲಿನಿಂದ ಯಾವ ಹೆಗಲಿಗೆ ಸರಿಯಿತೆಂಬುದನ್ನು ಈ ಎರಡು ಸಂಖ್ಯೆಗಳು ಸೂಚಿಸುತ್ತವೆ.

ಬಿಟ್ಟುಕೊಟ್ಟ ಹಣವೂ ಖರ್ಚೇ

ಸರಕಾರವು ಒಂದು ಆಸ್ಪತ್ರೆಗೆ ನೂರು ಕೋಟಿ ಕೊಟ್ಟರೆ ಅದು ಖರ್ಚೆಂದು ಎಲ್ಲರಿಗೂ ಕಾಣುತ್ತದೆ. ಅದರ ಮೇಲೆ ಚರ್ಚೆ ನಡೆಯುತ್ತದೆ. ಒಬ್ಬ ಧನಿಕನಿಂದ ಬರಬೇಕಾಗಿದ್ದ ನೂರು ಕೋಟಿಯನ್ನು ಬಿಟ್ಟುಕೊಟ್ಟರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬೊಕ್ಕಸದ ಪಾಲಿಗೆ ಎರಡೂ ಒಂದೇ. ಇದನ್ನು ಮನಗಂಡು ಅಮೆರಿಕದ ಸ್ಟ್ಯಾನ್ಲಿ ಸರ್ರೆ ಎಂಬ ಕಾನೂನು ಪಂಡಿತರು ೧೯೬೭ರಲ್ಲಿ ಇಂತಹ ರಿಯಾಯಿತಿಗಳಿಗೆ "ತೆರಿಗೆ ವೆಚ್ಚ" ಎಂಬ ಹೆಸರನ್ನಿಟ್ಟರು. ಭಾರತ ಸರಕಾರವೂ ೨೦೦೬-೦೭ರ ಆಯವ್ಯಯದಿಂದ ಮೊದಲುಮಾಡಿ, ರಿಯಾಯಿತಿಗಳಿಂದ ಕೈಬಿಟ್ಟುಹೋದ ಆದಾಯದ ಪಟ್ಟಿಯನ್ನು ಸಂಸತ್ತಿನ ಮುಂದೆ ಇಡುತ್ತ ಬಂದಿದೆ. ಯಾವ ಪ್ರಜೆಯಾದರೂ ಅದನ್ನು ಓದಬಹುದು.

ಕೊರತೆಯನ್ನು ತುಂಬಲು ಮೂರೇ ದಾರಿಗಳಿವೆ: ಇತರರ ಮೇಲೆ ತೆರಿಗೆ, ಸಾಲ, ಇಲ್ಲವೆ ಸೇವೆಗಳ ಕಡಿತ. ಪರೋಕ್ಷ ತೆರಿಗೆ ಏರಿದರೆ ಭಾರವು ಹೆಚ್ಚಾಗಿ ಬಡವರ ಮೇಲೆ ಬೀಳುವುದು. ಸಾಲವಾದರೆ ನಾಳೆ ದೊಡ್ಡವರಾಗುವ ಮಕ್ಕಳ ಮೇಲೆ. ಕಡಿತವಾದರೆ ಸರಕಾರದ ಶಾಲೆ, ಆಸ್ಪತ್ರೆಗಳ ಹೊರತು ಬೇರೆ ಗತಿಯಿಲ್ಲದವರ ಮೇಲೆ. ಸಿರಿವಂತನ ಮಗನು ಸಾರ್ವಜನಿಕ ಶಾಲೆ ಮುಚ್ಚಿದರೆ ಇನ್ನೊಂದು ಶಾಲೆಗೆ ಹೋದಾನು. ಹೋಟೆಲಿನಲ್ಲಿ ದುಡಿಯುವವನ ಮಗನು ಎಲ್ಲಿಗೆ ಹೋದಾನು?

ಕೆರೆಯ ಮಾನದಂಡ

ಹಾಗಾದರೆ ಯಾವ ಇಳಿಕೆ ಯೋಗ್ಯ, ಯಾವುದು ಅಯೋಗ್ಯ ಎಂದು ತಿಳಿಯುವ ಬಗೆ ಹೇಗೆ? ಇದಕ್ಕೆ ನಮ್ಮ ಕನ್ನಡ ನಾಡಿನ ಇತಿಹಾಸದಲ್ಲಿಯೇ ಒಂದು ಒಳ್ಳೆಯ ಮಾನದಂಡವಿದೆ. ಕೆರೆಯನ್ನು ಕಟ್ಟಿಸಿದವರಿಗೆ, ಒಡೆದ ಕೆರೆಯನ್ನು ದುರಸ್ತಿ ಮಾಡಿಸಿದವರಿಗೆ ಹಿಂದಿನ ಅರಸರೂ ಊರವರೂ ತೆರಿಗೆಯಿಲ್ಲದೆಯೋ ಅಲ್ಪ ತೆರಿಗೆಗೋ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಶಾಸನಗಳಲ್ಲಿ ಇಂತಹ ಭೂಮಿಗೆ ಕೊಡಗಿ, ಕಟ್ಟುಕೊಡಗಿ ಎಂಬ ಹೆಸರುಗಳಿವೆ. ಇದೂ ತೆರಿಗೆಯ ರಿಯಾಯಿತಿಯೇ; ಪಡೆದವನು ಬಹುಮಟ್ಟಿಗೆ ಅನುಕೂಲಸ್ಥನೇ. ಆದರೆ ರಿಯಾಯಿತಿಯ ಎದುರಿಗೆ ಎಲ್ಲರಿಗೂ ಕಾಣುವ ಒಂದು ಕೆರೆ ಇರುತ್ತಿತ್ತು. ಅದರ ನೀರು ಊರಿನ ಗದ್ದೆಗಳಿಗೆ ಹರಿಯುತ್ತಿತ್ತು. ಗದ್ದೆ ಬೆಳೆದರೆ ತೆರಿಗೆಯೂ ಬೆಳೆಯುತ್ತಿತ್ತು.

ಇಂದಿನ ಪ್ರತಿಯೊಂದು ಇಳಿಕೆಯನ್ನೂ ಇದೇ ರೀತಿಯಲ್ಲಿ ಪರೀಕ್ಷಿಸಬೇಕೆಂದು ನಮ್ಮ ಅಭಿಪ್ರಾಯ. ಮೊದಲನೆಯದಾಗಿ, ಬಿಟ್ಟುಕೊಟ್ಟ ಹಣ ಎಷ್ಟು? ಎರಡನೆಯದಾಗಿ, ಅದರ ಎದುರಿಗೆ ಕಟ್ಟಿದ ಕೆರೆ ಯಾವುದು? ಎಂದರೆ ಕಾರಖಾನೆಯೋ, ಉದ್ಯೋಗವೋ, ಬಚ್ಚಿಟ್ಟ ಧನ ಬೆಳಕಿಗೆ ಬಂದುದೋ? ಮೂರನೆಯದಾಗಿ, ಆ ಕೆರೆಯ ನೀರು ಯಾರ ಹೊಲಕ್ಕೆ ಹರಿಯಿತು? ನಾಲ್ಕನೆಯದಾಗಿ, ಕೆರೆ ಕಟ್ಟದೆ ಹೋದರೆ ಕೊಡಗಿಯನ್ನು ಹಿಂದಕ್ಕೆ ಪಡೆಯುವ ಏರ್ಪಾಡು ಇದೆಯೇ?

ಈ ಮಾನದಂಡದಿಂದ ಅಳೆದರೆ, ಶೇಕಡ ೯೭.೭೫ರ ದರವನ್ನು ತಗ್ಗಿಸಿದುದು ಯೋಗ್ಯವೆಂದೇ ಹೇಳಬೇಕು. ಬೊಕ್ಕಸಕ್ಕೆ ಹೆಚ್ಚೇನೂ ಕಳೆಯದೆ ಪ್ರಾಮಾಣಿಕತೆಗೆ ದಾರಿಯಾಯಿತು. ಹೊಸ ಕಾರಖಾನೆ ಕಟ್ಟಿದವರಿಗೆ ಮಾತ್ರ ಕೊಟ್ಟ ಶೇಕಡ ೧೫ರ ದರವು ತತ್ತ್ವದಲ್ಲಿ ಕೊಡಗಿಯನ್ನು ಹೋಲುತ್ತದೆ, ಏಕೆಂದರೆ ಕಟ್ಟಿದವನಿಗೇ ಅದು ಸಲ್ಲುತ್ತದೆ. ಆದರೆ ಏನನ್ನೂ ಕಟ್ಟದವನಿಗೂ ಕಟ್ಟಿದವನಿಗೂ ಸಮನಾಗಿ ದರವನ್ನು ಇಳಿಸುವುದು, ದರವು ಈಗಾಗಲೇ ಮಿತವಾಗಿರುವಾಗ ಇನ್ನೂ ಇಳಿಸುವುದು, ಕೊರತೆಯನ್ನು ತುಂಬುವ ಬಗೆಯನ್ನು ಹೇಳದೆ ಇಳಿಸುವುದು, ಇವು ಸಾರ್ವಜನಿಕರು ತೆರುವ ಬೆಲೆಗೆ ತಕ್ಕವಲ್ಲ. ಕ್ಯಾನ್ಸಾಸಿನಲ್ಲಿ ಕೊಡಗಿಯನ್ನು ಕೊಟ್ಟರು. ಕೆರೆಯನ್ನು ಹುಡುಕಿದಾಗ ಅದು ಕಾಣಲಿಲ್ಲ.

ಉಪಸಂಹಾರ

ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಬೊಕ್ಕಸಕ್ಕೂ ಸಲ್ಲುತ್ತದೆ. ಬಡವನು ಕೊಳ್ಳುವ ಬೆಂಕಿಪೆಟ್ಟಿಗೆಯಿಂದ ಬಂದ ಹನಿಯೂ ಅದರಲ್ಲಿದೆ, ಕೋಟ್ಯಧೀಶನ ಲಾಭದಿಂದ ಬಂದ ಧಾರೆಯೂ ಇದೆ. ಧಾರೆಯನ್ನು ಕಟ್ಟಿಹಾಕಿ ಹನಿಗಳಿಂದಲೇ ಹಳ್ಳವನ್ನು ತುಂಬಿಸುತ್ತೇವೆಂದು ಹೊರಟರೆ ಹಳ್ಳದ ದಂಡೆಯಲ್ಲಿರುವ ಪೈರು ಒಣಗದೆ ಇರದು. ಸಿರಿವಂತರನ್ನು ದ್ವೇಷಿಸುವುದು ನಮ್ಮ ಉದ್ದೇಶವಲ್ಲ, ಉದ್ಯಮವಿಲ್ಲದೆ ನಾಡಿಲ್ಲ. ಆದರೆ ನಾಡಿನ ರಸ್ತೆ, ಬಂದರು, ನ್ಯಾಯಾಲಯ, ಕಲಿತ ಕೆಲಸಗಾರರು ಇಲ್ಲದೆ ಉದ್ಯಮವೂ ಇಲ್ಲ. ಪಡೆದವರು ಪಡೆದುದಕ್ಕೆ ತಕ್ಕಂತೆ ಕೊಡುವುದು ದಾನವಲ್ಲ, ಋಣ.

ವಿದ್ಯಾರ್ಥಿಗಳಾದ ನೀವು ಹದಿನೆಂಟು ತುಂಬಿದೊಡನೆ ಮತದಾರರಾಗುವಿರಿ. ಯಾವ ಪಕ್ಷದವರೇ ಆಗಲಿ "ತೆರಿಗೆ ಇಳಿಸುವೆವು" ಎಂದಾಗ ಚಪ್ಪಾಳೆ ತಟ್ಟುವ ಮೊದಲು ಲೇಖನಿಯನ್ನು ಹಿಡಿದು ಲೆಕ್ಕ ಹಾಕಿರಿ. "ಯಾರ ತೆರಿಗೆ? ಎಷ್ಟು? ಕೆರೆ ಎಲ್ಲಿ?" ಎಂದು ಕೇಳಿರಿ.

ಅಭ್ಯಾಸ

೧. ತುದಿಯ ದರವು ಶೇಕಡ ೫೦ರಿಂದ ೪೦ಕ್ಕೆ ಇಳಿದರೆ, ಗಳಿಸಿದವನಿಗೆ ಉಳಿಯುವ ಪಾಲು ಶೇಕಡ ಎಷ್ಟು ಹೆಚ್ಚುವುದು? ಸರಕಾರದ ಆದಾಯ ಮೊದಲಿನಷ್ಟೇ ಇರಬೇಕಾದರೆ ವರಮಾನವು ಶೇಕಡ ಎಷ್ಟು ಹೆಚ್ಚಬೇಕು?

೨. ನಿಮ್ಮ ಮನೆಗೆ ಒಂದು ವಾರದಲ್ಲಿ ತಂದ ಸಾಮಾನುಗಳ ರಸೀತಿಗಳನ್ನು ಕೂಡಿಹಾಕಿ, ಅವುಗಳಲ್ಲಿ ಸೇರಿರುವ ಪರೋಕ್ಷ ತೆರಿಗೆಯ ಮೊತ್ತವನ್ನು ಕಂಡುಹಿಡಿಯಿರಿ.

೩. "ಮರಣಕರವನ್ನು ಭಾರತದಲ್ಲಿ ಮತ್ತೆ ತರಬೇಕು." ತರಗತಿಯಲ್ಲಿ ಎರಡು ಪಕ್ಷಗಳಾಗಿ ಈ ವಿಷಯವನ್ನು ಚರ್ಚಿಸಿರಿ. ಆಮೇಲೆ ಪಕ್ಷಗಳನ್ನು ಅದಲುಬದಲು ಮಾಡಿಕೊಂಡು ಇನ್ನೊಮ್ಮೆ ಚರ್ಚಿಸಿರಿ.